ತಾರೀಖು ತಿದ್ದಿದ ಕುರ್ಚಿಗಳು

೬ ಮಾರ್ಚ್ ೨೦೦೯, ಶುಕ್ರವಾರ, ಫಹಾಹೀಲ್, ಕುವೈತ್

ಇವತ್ತೂ ಒಂದಕ್ಷರ ಬರೆಯಲಿಲ್ಲ. ಬರೆಯಲಿಲ್ಲ ಅಂತ ಬರೆದುಕೊಳ್ಳುವುದಕ್ಕಾದರೂ ಇರಲಿ ಎಂದು ಈ ಡೈರಿ ತೆಗೆದೆ. ಯಜಮಾನರು ರಿಫೈನರಿಯಿಂದ ತಂದಿಟ್ಟದ್ದು, ಹೋದ ವರ್ಷದ್ದು. ಅಚ್ಚಾದ ತಾರೀಖನ್ನು ಹೊಡೆದುಹಾಕಿ ಮೇಲೆ ಇವತ್ತಿನದನ್ನು ಹಾಕಿದ್ದೇನೆ. ಖಾಲಿ ಹಾಳೆ ಯಾವ ವರ್ಷದ್ದಾದರೇನು.

ಬೆಳಿಗ್ಗೆ ಮಂಗಳೂರಿನಿಂದ ಸಂಪಾದಕ ಸೇಸಪ್ಪನವರ ಫೋನು. ದೀಪಾವಳಿ ವಿಶೇಷಾಂಕಕ್ಕೆ ಐದು ಪುಟದ ಲೇಖನ ಬೇಕಂತೆ. "ಕುವೈತಿನದ್ದೇ ಬೇಕು ಮೇಡಂ. ಆದ್ರೆ ಒಂಟೆ, ಮರಳು, ಪೆಟ್ರೋಲು ಬೇಡ. ಅದನ್ನು ಎಲ್ಲರೂ ಬರೆದಾಯ್ತು" ಅಂದರು. ನಾನು ಯೋಚಿಸುತ್ತಿದ್ದಾಗ ಮೆಲ್ಲಗೆ ಸೇರಿಸಿದರು, "ನಿಮ್ಮ ಹೊಸ ಕಥೆ ನೋಡದೆ ಕಾಲ ಆಯ್ತಲ್ಲ. ಬರೆಯುವುದು ಬಿಟ್ಟಿರಾ?"

ಬಿಟ್ಟಿಲ್ಲ ಅಂದೆ. ಸುಳ್ಳು. ನನ್ನ ಒಂದೇ ಒಂದು ಕಥಾಸಂಕಲನ ಬಂದದ್ದು ೧೯೯೮ರಲ್ಲಿ, ಲಿಂಗಸುಗೂರಿನಲ್ಲಿದ್ದಾಗ. ಕುವೈತಿಗೆ ಬಂದು ಎಂಟು ವರ್ಷ. ಇಲ್ಲಿ ನಾನು ಬರೆದದ್ದು ಕಿರಾಣಿ ಚೀಟಿ, ಮಗಳು ಸೀಮಾಳ ಶಾಲೆಗೆ ರಜೆ ಅರ್ಜಿ. ಕನ್ನಡ ಸಂಘದ ರಾಜ್ಯೋತ್ಸವ ಸಂಚಿಕೆಗೆ ಪ್ರತಿ ವರ್ಷ ಒಂದು ಕಥೆ ಕೊಡುತ್ತೇನೆ, ಅದು ನಿಜ. ಹಳೇ ಸಂಕಲನದಿಂದ ಒಂದನ್ನು ಎತ್ತಿ, ಹೆಸರು ಬದಲಿಸಿ, ಎರಡು ಸಾಲು ಆಚೀಚೆ ಮಾಡಿ ಕೊಡುವುದು. ಯಾರಿಗೂ ಗೊತ್ತಾಗಿಲ್ಲ. ಓದುವವರಾದರೂ ಯಾರು? ತಮ್ಮ ಮಕ್ಕಳ ಫೋಟೊ ಬಂದಿದೆಯೋ ಇಲ್ಲವೋ ನೋಡಿ ಮಡಚಿಡುತ್ತಾರೆ.

ಈ ಲೇಖನವನ್ನೂ ಕೊಡದಿದ್ದರೆ ಸೇಸಪ್ಪನವರ ಪಟ್ಟಿಯಿಂದ ನನ್ನ ಹೆಸರು ಹೋಗುತ್ತದೆ. ಆಮೇಲೆ ನಾನು ಲೇಖಕಿ ಅಂತ ಯಾವ ಮುಖ ಇಟ್ಟುಕೊಂಡು ಹೇಳಲಿ? ಇವರಿಗೆ ಹೇಳಿದರೆ, "ಬರಿ. ಯಾರು ಬ್ಯಾಡಂದಾರ?" ಎಂದು ಡ್ಯೂಟಿಗೆ ಹೋದರು. ನನಗೆ ಸಿಟ್ಟು ಬರುವುದೇ ಅದಕ್ಕೆ. ಯಾರೂ ಬೇಡ ಅಂದಿಲ್ಲ.

೧೩ ಮಾರ್ಚ್, ಶುಕ್ರವಾರ

ಶಾಲೆಯಲ್ಲಿ ಬಹುಮಾನ ಬಂದ ಸೀಮಾಳ ನವಿಲಿನ ಚಿತ್ರಕ್ಕೆ ಫ್ರೇಮ್ ಹಾಕಿಸಲು ಮಾರ್ಕೆಟ್ಟಿನ ಮಮ್ಮು ಅಂಗಡಿಗೆ ಹೋಗಿದ್ದೆ. ವಿಟ್ಲದ ಕಡೆಯ ಬ್ಯಾರಿ, ಐವತ್ತು ದಾಟಿರಬೇಕು. ತೊಂಬತ್ತರ ಯುದ್ಧದಲ್ಲಿ ಎಲ್ಲ ಬಿಟ್ಟು ಊರಿಗೆ ಓಡಿ, ಮತ್ತೆ ಬಂದು ಅದೇ ಗಲ್ಲಿಯಲ್ಲಿ ಅದೇ ಅಂಗಡಿ ಹಾಕಿದ ಮನುಷ್ಯ. ಅರಬಿ ನೀರು ಕುಡಿದಷ್ಟು ಸಲೀಸು. ಸಂಘದ ಸನ್ಮಾನಪತ್ರಗಳಿಗೆಲ್ಲ ಮಮ್ಮುವಿನದೇ ಗಾಜು.

ಗೋಡೆಗೆ ನಾಲ್ಕು ದೊಡ್ಡ ಚಿತ್ರ ಒರಗಿಸಿಟ್ಟಿದ್ದರು. ನಾಲ್ಕರಲ್ಲೂ ಕುರ್ಚಿ. ಮರದ, ಮಡಚುವ, ಸಾಧಾರಣ ಕುರ್ಚಿ. ಒಂದರಲ್ಲಿ ಸಾಲಾಗಿ ಹತ್ತಿಪ್ಪತ್ತು, ಒಂದರಲ್ಲಿ ಒಂದೇ. ಯಾವುದರಲ್ಲೂ ಒಂದು ನರಪಿಳ್ಳೆ ಇಲ್ಲ.

"ಅದು ಸುಹೈರ್ ಮೇಡಮ್ಮಿಂದು ಅಕ್ಕ. ಮಿಸ್ರಿ, ಅಂದ್ರೆ ಈಜಿಪ್ಟಿನವರು. ಇಲ್ಲಿ ಸರ್ಕಾರಿ ಶಾಲೆಯಲ್ಲಿ ಡ್ರಾಯಿಂಗ್ ಟೀಚರು. ಇನ್ನೆರಡು ವಾರದಲ್ಲಿ ಇಲ್ಲಿನ ಮಿಸ್ರಿಗಳದ್ದೆಲ್ಲ ಸೇರಿ ಎಕ್ಸಿಬಿಷನ್ ಉಂಟು. ಐದು ಜನ" ಅಂದರು ಮಮ್ಮು.

ಅಲ್ಲೇ ನಿಂತು ವಿಷಯ ಸಿಕ್ಕಿತು ಅನಿಸಿತು. ಈಗಿನ ಕಾಲದ ಈಜಿಪ್ಟಿನ ಕಲಾವಿದರು, ಕುವೈತಿನಲ್ಲಿ. ಯಾರು ಬರೆದಿದ್ದಾರೆ ಕನ್ನಡದಲ್ಲಿ? ಮನೆಗೆ ಬಂದವಳೇ ಸೇಸಪ್ಪನವರಿಗೆ ಫೋನ್ ಮಾಡಿದೆ. "ಭಾರಿ ಒಳ್ಳೇದಾಯ್ತು ಮೇಡಂ! ಪಿರಮಿಡ್ಡು, ನೈಲ್ ನದಿ, ಮಮ್ಮಿ ಎಲ್ಲ ಬರ್ಲಿ" ಅಂದರು. ಒಂಟೆ ಬೇಡ ಅಂದವರಿಗೆ ಪಿರಮಿಡ್ಡು ಬೇಕು. ಫೋನ್ ಇಟ್ಟ ಮೇಲೆ ಬೈದುಕೊಂಡೆ. ನನ್ನ ತಲೆಗೂ ಮೊದಲು ಬಂದದ್ದು ಅದೇ ಅನ್ನುವುದು ಬೇರೆ ಮಾತು.

೨೭ ಮಾರ್ಚ್, ಶುಕ್ರವಾರ

ಪ್ರದರ್ಶನಕ್ಕೆ ಹೋಗಿ ಬಂದೆ. ತಲೆ ಸಿಡಿಯುತ್ತಿದೆ.

ಐದು ಕಲಾವಿದರಲ್ಲಿ ಇಂಗ್ಲಿಷ್ ಚೆನ್ನಾಗಿ ಬಲ್ಲವನು ಒಬ್ಬನೇ, ರವೂಫ್ ಎಂಬ ಶಿಲ್ಪಿ. ಹಗಲು ಜಾಹೀರಾತು ಕಂಪನಿಯಲ್ಲಿ ಥರ್ಮಾಕೋಲಿನ ಅಕ್ಷರ ಕೊರೆಯುತ್ತಾನೆ, ರಂಜಾನಿಗೆ ಮಾಲ್‌ಗಳಲ್ಲಿ ತೂಗುಬಿಡುವ ಚಂದ್ರ ಮಾಡುತ್ತಾನೆ. ಪ್ರದರ್ಶನದಲ್ಲಿ ಅವನದು ಹಾಳಾದ ಕೀಬೋರ್ಡುಗಳ ಗೋಪುರ. ನಾನು ಸೇಸಪ್ಪನವರನ್ನು ನೆನೆದು, ಪಿರಮಿಡ್ಡಿನ ಪ್ರಭಾವವೇ ಅಂತ ಕೇಳಿಬಿಟ್ಟೆ.

"ನೀವು ಇಂಡಿಯಾದಲ್ಲಿ ತಾಜ್ ಮಹಲಿನೊಳಗೆ ಮಲಗುತ್ತೀರಾ?" ಅಂದ.

ತಾಜ್ ಮಹಲ್ ನಾನು ನೋಡಿಯೇ ಇಲ್ಲ ಅಂದೆ.

"ನಾನು ಪಿರಮಿಡ್ ನೋಡಿದ್ದು ಒಂದೇ ಸಲ. ಶಾಲೆಯ ಪ್ರವಾಸದಲ್ಲಿ. ಬಸ್ಸಿನಲ್ಲಿ ವಾಂತಿ ಮಾಡಿಕೊಂಡಿದ್ದೆ. ಅದನ್ನು ಬರೆಯಿರಿ."

ಆಮೇಲೆ ಒಂದು ಗಂಟೆ ತನ್ನ ಬಗ್ಗೆ ತಾನೇ ಮಾತಾಡಿದ. ಬರೆದುಕೊಳ್ಳಬಹುದಾದದ್ದು ಆ ವಾಂತಿಯೊಂದೇ.

ಸುಹೈರ್ ಗಿಡ್ಡ ಹೆಂಗಸು, ಕನ್ನಡಕಕ್ಕೆ ದಾರ ಕಟ್ಟಿ ಕೊರಳಲ್ಲಿ ಹಾಕಿಕೊಂಡಿದ್ದಳು. ತನ್ನ ನಾಲ್ಕು ಚಿತ್ರಗಳ ಮುಂದೆ ನಿಂತು, ಸ್ಟೀಲ್ ಡಬ್ಬಿಯಲ್ಲಿ ತಂದಿದ್ದ ರವೆಯ ಮಿಠಾಯಿಯನ್ನು ಬಂದವರಿಗೆಲ್ಲ ಹಂಚುತ್ತಿದ್ದಳು. ಬಂದವರು ಮಿಠಾಯಿ ತಿಂದು, ಬೆರಳು ಒರೆಸಿಕೊಂಡು, ಮುಂದೆ ಹೋಗುತ್ತಿದ್ದರು. ಚಿತ್ರದ ಮೂಲೆಯಲ್ಲಿ ಆಕೆಯ ಸಹಿ, ಕೆಳಗೆ ಅರಬಿ ಅಂಕಿಯಲ್ಲಿ ೨೦೦೯. ಕಾರಿನ ನಂಬರ್ ಪ್ಲೇಟು ಓದಿ ಓದಿ ಅಷ್ಟು ಕಲಿತಿದ್ದೇನೆ. ಮೂರು ತಿಂಗಳಲ್ಲಿ ನಾಲ್ಕು ಚಿತ್ರ! ಹೊಟ್ಟೆ ಉರಿಯಿತು.

೧೦ ಏಪ್ರಿಲ್, ಶುಕ್ರವಾರ

ಸುಹೈರ್‌ಳನ್ನು ಅಂಗಡಿಗೆ ಕರೆಸಿ, ಮಮ್ಮುವನ್ನು ನಡುವೆ ಕೂರಿಸಿಕೊಂಡು ಸಂದರ್ಶನ ಮಾಡಿದೆ. ಮಾಡಿದೆ ಅಂದರೆ ಮಾಡಲು ಹೋದೆ.

"ಯಾಕೆ ಬರೀ ಖಾಲಿ ಕುರ್ಚಿ? ಅದರಿಂದ ಎದ್ದುಹೋದವರು ಯಾರು ಅಂತ ಕೇಳಿ ಮಮ್ಮು ಭಾಯಿ."

ಮಮ್ಮು ಕೇಳಿದರು. ಆಕೆ ಐದು ನಿಮಿಷ ಮಾತಾಡಿದಳು, ಕೈ ಬೀಸಿದಳು, ನಕ್ಕಳು. ನಾನು ಪೆನ್ನು ಹಿಡಿದು ಕಾದೆ.

"ಊರಲ್ಲಿ ಎಲ್ಲರೂ ಸೌಖ್ಯವಂತೆ ಅಕ್ಕ. ಅಮ್ಮನಿಗೆ ಮಾತ್ರ ಶುಗರ್ ಉಂಟಂತೆ."

"ನಾನು ಕೇಳಿದ್ದು ಅದಲ್ಲ!"

"ಗೊತ್ತುಂಟು. ಆದ್ರೆ ಗಂಡ ತೀರಿಹೋದ ಹೆಂಗ್ಸಿನ ಹತ್ರ ಯಾರು ಎದ್ದುಹೋದ್ರು ಅಂತ ಹೇಗೆ ಕೇಳುದು ಮಾರಾಯ್ರೆ? ನೀವೇ ಹೇಳಿ."

ಹೋಗಲಿ ಅಂತ ಬೇರೆ ಕೇಳಿದೆ. ಬಣ್ಣಗಳೆಲ್ಲ ಯಾಕೆ ಇಷ್ಟು ಮಂಕು? ಮಮ್ಮು ಏನೋ ಹೇಳಿದರು. ಸುಹೈರ್ ಎದೆಯ ಮೇಲೆ ಕೈ ಇಟ್ಟು ನನಗೆ ಬಾಗಿ ವಂದಿಸಿದಳು. ಏನು ಹೇಳಿದಿರಿ ಅಂದರೆ, "ನಿಮ್ಮ ಬಣ್ಣ ಕಣ್ಣಿಗೆ ತಂಪು ಅಂತ ಹೇಳಿದೆ." ಎತ್ತು ಏರಿಗೆ, ಕೋಣ ನೀರಿಗೆ. ಕೈಯಲ್ಲಿದ್ದ ಚಹಾ ಲೋಟವನ್ನು ಅಲ್ಲೇ ಕುಕ್ಕಿ ಬರುವಷ್ಟು ಸಿಟ್ಟು ಬಂತು. ಬರೋಬ್ಬರಿ ಎರಡು ಗಂಟೆ ಹೀಗೇ. ನಾನು ಕೇಳಿದ ಒಂದು ಪ್ರಶ್ನೆಯೂ ಆಕೆಯನ್ನು ಮುಟ್ಟಲಿಲ್ಲ.

ಏಳುವಾಗ ಸುಹೈರ್ ತಾನು ಕೂತಿದ್ದ ಕುರ್ಚಿಯ ಬೆನ್ನು ತಟ್ಟಿ "ಕುರ್ಸಿ" ಅಂದಳು. ನಾನು "ಕುರ್ಚಿ" ಅಂದೆ. ಆಕೆ ಕಣ್ಣರಳಿಸಿ ಇನ್ನೊಮ್ಮೆ ಹೇಳಿಸಿದಳು. ಇಡೀ ದಿನದಲ್ಲಿ ಮಮ್ಮುವಿನ ಹಂಗಿಲ್ಲದೆ ನಡೆದ ಮಾತು ಅದೊಂದೇ.

೨೦ ಏಪ್ರಿಲ್

ಟಿಪ್ಪಣಿ ಪುಸ್ತಕ ತೆರೆದರೆ: ತಾಯಿಗೆ ಸಕ್ಕರೆ ಕಾಯಿಲೆ, ಬಸ್ಸಿನಲ್ಲಿ ವಾಂತಿ. ಇವಿಷ್ಟನ್ನು ಐದು ಪುಟ ಮಾಡಬೇಕು.

ಈ ಡೈರಿ ಉಬ್ಬಿದ್ದು ನೋಡಿ ಇವರು, "ಬರ್ಯಾಕ ಆಗವಲ್ದು ಅಂತನೇ ಇಷ್ಟು ಬರದೀಯಲ್ಲ" ಅಂದರು. ಇದು ಬರವಣಿಗೆಯಲ್ಲ, ಗೊಣಗಾಟ ಅಂದೆ.

೮ ಮೇ, ಶುಕ್ರವಾರ

ಇವತ್ತು ಸುಹೈರ್ ಮನೆಗೆ ಹೋಗಿದ್ದೆ, ಮಹಬೂಲಾದಲ್ಲಿ. ಇನ್ನೊಬ್ಬ ಟೀಚರ್ ಜೊತೆ ಹಂಚಿಕೊಂಡ ಫ್ಲ್ಯಾಟು. ಮಮ್ಮು ನನ್ನನ್ನು ಕೂರಿಸಿ, ಕೆಳಗಿನ ಮಸೀದಿಗೆ ಅಸರ್ ನಮಾಜಿಗೆ ಹೋದರು. ನಾವಿಬ್ಬರೇ. ಚಹಾದ ಲೋಟ ಖಾಲಿಯಾದ ಕೂಡಲೇ "ಕಮಾನ್ ಶಾಯ್?" ಎಂದು ಮತ್ತೆ ಸುರಿಯುತ್ತಾಳೆ. ಕಮಾನ್ ಅಂದರೆ ಇನ್ನೂ, ಮತ್ತೆ, ಕೂಡ. ನಾಲ್ಕು ಲೋಟ ಕುಡಿದ ಮೇಲೆ ಯಾರಿಗಾದರೂ ಅರ್ಥವಾಗುತ್ತದೆ.

ಕುರ್ಚಿಯ ಕಥೆ ಆಕೆಯೇ ಹೇಳಿದಳು, ತನ್ನ ಮುರುಕು ಇಂಗ್ಲಿಷಿನಲ್ಲಿ. ಮನ್ಸೂರಾ ಎಂಬ ಊರಲ್ಲಿ ಆಕೆಯ ಅಪ್ಪ ಕುರ್ಚಿ ಬಾಡಿಗೆ ಕೊಡುತ್ತಿದ್ದನಂತೆ. ಮದುವೆಗೂ ಅವೇ, ಸಾವಿಗೂ ಅವೇ. ಒಂದು ಬೀದಿಯಿಂದ ಮದುವೆ ಮುಗಿಸಿ ಬಂದ ಕುರ್ಚಿಗೆ ಅಂಟಿದ ಸಕ್ಕರೆ ಒರೆಸಿ ಇನ್ನೊಂದು ಬೀದಿಯ ಸಾವಿನ ಮನೆಗೆ ಕಳಿಸುವ ಕೆಲಸ ಈಕೆಯದು. "ವೆಡ್ಡಿಂಗ್ ಚೇರ್, ಡೆಡ್ ಚೇರ್, ಸೇಮ್ ಚೇರ್" ಅಂದಳು. ತಕ್ಷಣ ಬರೆದುಕೊಂಡೆ. ಇದಕ್ಕಾಗಿ ಎರಡು ತಿಂಗಳು ಒದ್ದಾಡಿದ್ದೆ.

ಚಿತ್ರ ಎಲ್ಲಿ ಬರೆಯುತ್ತೀರಿ, ತೋರಿಸಿ ಅಂದೆ. ಆಕೆ ಎದ್ದು ಕೋಣೆಯ ಬಾಗಿಲು ಮುಂದೆ ಮಾಡಿದಳು. ಆಮೇಲೆ ಮಂಚದ ಕೆಳಗಿಂದ ಒಂದು ಡಬ್ಬಿ ಎಳೆದಳು. ಬಣ್ಣದ ಟ್ಯೂಬುಗಳು. ಒಂದರ ಮುಚ್ಚಳ ತಿರುಗಿಸಲು ನೋಡಿದಳು, ಬರಲಿಲ್ಲ. ನನ್ನ ಕೈಗೆ ಕೊಟ್ಟಳು. ಕಲ್ಲಾಗಿತ್ತು.

"ಸಿಕ್ಸ್ ಇಯರ್ಸ್. ನಥಿಂಗ್."

ಪ್ರದರ್ಶನದಲ್ಲಿದ್ದವೆಲ್ಲ ೨೦೦೩ರಲ್ಲಿ, ಊರು ಬಿಡುವ ಮೊದಲು ಬರೆದವು. ಕುವೈತಿಗೆ ಬಂದ ಮೇಲೆ ಒಂದೂ ಇಲ್ಲ. ದಿನವೆಲ್ಲ ನಲವತ್ತು ಹುಡುಗಿಯರ ಬಣ್ಣ ಕಲಸಿ ಬಂದರೆ ಮನೆಯಲ್ಲಿ ಕೈ ಏಳುವುದಿಲ್ಲವಂತೆ. ಆದರೆ ಪ್ರದರ್ಶನದ ಕಮಿಟಿಗೆ ಆಯಾ ವರ್ಷದ ಚಿತ್ರವೇ ಬೇಕು. ಅದಕ್ಕೆ ಪ್ರತಿ ವರ್ಷ ಮೂಲೆಯಲ್ಲಿ ಶಾಲೆಯಿಂದ ತಂದ ಸ್ವಲ್ಪ ಬಣ್ಣ ಬಳಿದು ಹೊಸ ಅಂಕಿ ಬರೆಯುತ್ತಾಳೆ. "ಓನ್ಲೀ ನಂಬರ್ ನ್ಯೂ" ಅಂದು ತುಟಿಯ ಮೇಲೆ ಬೆರಳಿಟ್ಟಳು. ನನ್ನ ಕೈ ಹಿಡಿದು, "ಯೂ ರೈಟರ್. ಯೂ ನೋ" ಅಂದಳು.

ನನಗೇನು ಗೊತ್ತು? ಅಸಹ್ಯವಾಯಿತು ಅನ್ನಬೇಕು. ಆರು ವರ್ಷ ಜನರ ಕಣ್ಣಿಗೆ ಮಣ್ಣೆರಚುವುದೆಂದರೆ ಸಣ್ಣ ಮಾತೇ? ಮಮ್ಮು ಬಾಗಿಲು ತಟ್ಟಿದ್ದರಿಂದ ಮಾತು ನಿಂತಿತು.

೧೨ ಜೂನ್

ಧೂಳು. ಕಿಟಕಿಗೆ ಒದ್ದೆ ಬಟ್ಟೆ ತುರುಕಿದರೂ ಅನ್ನದಲ್ಲಿ ಮರಳು. ಶಾಲೆಗಳಿಗೆ ರಜೆ, ಸುಹೈರ್ ಊರಿಗೆ ಹೊರಟಳು. ಹೋಗುವ ಮೊದಲು ಮನೆಗೆ ಬಂದು ಸೀಮಾಳಿಗೆ ಕ್ರೇಯಾನ್ ಡಬ್ಬಿ ಕೊಟ್ಟಳು. ಇಬ್ಬರೂ ನೆಲದ ಮೇಲೆ ಕೂತು ಒಂದು ಕುರ್ಚಿ ಬರೆದರು. ನಾನು ಅಡುಗೆಮನೆಯಲ್ಲಿ ಉಪ್ಪಿಟ್ಟು ಕೆದಕುತ್ತಿದ್ದೆ.

ಲೇಖನಕ್ಕೆ "ಸಮಕಾಲೀನ ಈಜಿಪ್ಟ್ ಚಿತ್ರಕಲೆಯ ಪ್ರವೃತ್ತಿಗಳು" ಅಂತ ಹೆಸರಿಟ್ಟು ಎರಡು ಪುಟ ಬರೆದಿದ್ದೆ. ನನಗೇ ಓದಲಾಗಲಿಲ್ಲ. ಹರಿದೆ.

೨೬ ಜುಲೈ, ಭಾನುವಾರ

ಬರೆದೆ! ಒಂದೇ ಪಟ್ಟಿಗೆ ಕೂತು ಬರೆದು, ಸುಹೈರ್‌ಳ ಒಂದು ಫೋಟೊ ಜೊತೆಗಿಟ್ಟು ಸ್ಕ್ಯಾನ್ ಮಾಡಿಸಿ ಕಳಿಸಿಯೂ ಬಿಟ್ಟೆ. ಕುರ್ಚಿಯ ಕಥೆಯಿಂದ ಶುರು ಮಾಡಿ, ರವೂಫನ ಬಸ್ಸು ಹಾದು, ಮೂರನೇ ಪುಟಕ್ಕೆ ಕಲ್ಲಾದ ಟ್ಯೂಬಿಗೆ ಬಂದೆ. ಅಲ್ಲಿಂದ ಪೆನ್ನು ತಾನೇ ಓಡಿತು. ಆರು ವರ್ಷ, ಮಂಚದ ಕೆಳಗಿನ ಡಬ್ಬಿ, ತಿದ್ದಿದ ತಾರೀಖು, ಎಲ್ಲ ಹಾಕಿದೆ. ಹೆಸರು ಸಮೇತ. ಹೆಸರು ಬದಲಿಸಲೇ ಅಂತ ಒಂದು ಗಳಿಗೆ ಯೋಚಿಸಿದೆ. ಆದರೆ ಕನ್ನಡ ಓದುವ ಮಿಸ್ರಿ ಎಲ್ಲಿ ಹುಟ್ಟಿದ್ದಾನೆ? ಅದಿಲ್ಲದಿದ್ದರೆ ಲೇಖನಕ್ಕೆ ಜೀವವೂ ಇರುತ್ತಿರಲಿಲ್ಲ.

ಮಮ್ಮುವಿಗೂ ಒಂದು ಪ್ಯಾರಾ. "ಅಕ್ಷರ ಅಷ್ಟಕ್ಕಷ್ಟೇ ಆದ, ಗಾಜು ಕತ್ತರಿಸುವ ಈ ಮನುಷ್ಯನ ಬಾಯಿಗೆ ಹೋದ ನನ್ನ ಪ್ರಶ್ನೆ ಇನ್ನೇನೋ ಆಗಿ ಹೊರಬರುತ್ತಿತ್ತು." ಓದಿ ನಾನೇ ನಕ್ಕೆ. ಅವರೇನು ವಿಶೇಷಾಂಕ ಓದುತ್ತಾರೆಯೇ?

ಎಂಟು ವರ್ಷದಲ್ಲಿ ಮೊದಲ ಸಲ ಹಸಿವು ಹತ್ತಿ ಊಟ ಮಾಡಿದೆ.

೧೦ ಸೆಪ್ಟೆಂಬರ್

ಸಂಘದ ಕಾರ್ಯದರ್ಶಿ ಸಿದ್ದಲಿಂಗೇಶ ಎರಡು ಸಲ ಫೋನ್ ಮಾಡಿದ್ದರು. ರಾಜ್ಯೋತ್ಸವ ಸಂಚಿಕೆಗೆ ಸಂಕಲನದ ಆರನೇ ಕಥೆ ಕೊಟ್ಟೆ. "ಉಪ್ಪಿನ ಬಾವಿ" ಈ ವರ್ಷ "ಸಿಹಿನೀರಿನ ಕನಸು." ಅರ್ಧ ಗಂಟೆಯ ಕೆಲಸ.

೧೮ ಅಕ್ಟೋಬರ್, ಭಾನುವಾರ

ಕೊರಿಯರಿನಲ್ಲಿ ವಿಶೇಷಾಂಕ ಬಂತು. ಐದು ಪುಟ, ನನ್ನ ಹೆಸರು ದಪ್ಪಕ್ಷರದಲ್ಲಿ. "ಆ ತಾರೀಖು ತಿದ್ದುವ ಜಾಗ ಉಂಟಲ್ಲ ಮೇಡಂ, ಅದಕ್ಕೆ ಎಷ್ಟು ಫೋನ್ ಬಂತು ಗೊತ್ತುಂಟಾ!" ಅಂದರು ಸೇಸಪ್ಪನವರು. ಹೋಳಿಗೆ ಮಾಡಿದೆ. ಸೀಮಾಳಿಗೆ ಪುಟ ತೋರಿಸಿದರೆ "ನೈಸ್ ಮಮ್ಮಿ, ಬಟ್ ವೇರ್ ಈಸ್ ಯುವರ್ ಫೋಟೊ?" ಅಂದಳು.

೨೩ ಅಕ್ಟೋಬರ್, ಶುಕ್ರವಾರ

ಹೇಗೆ ಬರೆಯಲಿ ಇದನ್ನು.

ಮಮ್ಮು ಅಂಗಡಿಗೆ ಬರಹೇಳಿ ಕಳಿಸಿದ್ದರು. ಹೋದರೆ ಸುಹೈರ್ ಇದ್ದಾಳೆ, ರವೂಫ್ ಇದ್ದಾನೆ, ಟೇಬಲ್ಲಿನ ಮೇಲೆ ಆ ರವೆಯ ಮಿಠಾಯಿ. ಮಮ್ಮುವಿನ ಕೈಯಲ್ಲಿ ವಿಶೇಷಾಂಕ.

"ಭಾವ ಮೊನ್ನೆ ಊರಿಂದ ಬರುವಾಗ ತಂದ. ಪ್ರತಿ ವರ್ಷ ತರಿಸುದು ಅಕ್ಕ" ಅಂದರು. "ಸುಹೈರ್ ಮೇಡಂ ಇದರಲ್ಲಿ ತಮ್ಮ ಫೋಟೊ ನೋಡಿದ್ರು. ಎಲ್ಲರ ಎದುರು ಅರಬಿಯಲ್ಲಿ ಓದಿ ಹೇಳ್ಲೇಬೇಕು ಅಂತ ಹಠ."

ಸುಹೈರ್ ನನ್ನನ್ನು ಎಳೆದು ಪಕ್ಕದಲ್ಲಿ ಕೂರಿಸಿಕೊಂಡಳು.  ಮಮ್ಮು ಕನ್ನಡಕ ಏರಿಸಿ, ನನ್ನ ವಾಕ್ಯವನ್ನು ಮೊದಲು ಕನ್ನಡದಲ್ಲಿ ಓದುತ್ತಿದ್ದರು, ಶಾಲೆಯ ಹುಡುಗ ಪಾಠ ಒಪ್ಪಿಸುವ ಹಾಗೆ ಸ್ಪಷ್ಟವಾಗಿ. ಆಮೇಲೆ ಅರಬಿ. ಅಪ್ಪನ ಕುರ್ಚಿಗಳು ಬಂದಾಗ ಸುಹೈರ್ ಕಣ್ಣೊರೆಸಿಕೊಂಡಳು. ರವೂಫ್ ತನ್ನ ವಾಂತಿಗೆ ತಾನೇ ಚಪ್ಪಾಳೆ ತಟ್ಟಿದ. ಮಮ್ಮು ಹಾಳೆ ತಿರುವಿದರು. ಮೂರನೇ ಪುಟ.

ಅಲ್ಲಿ ಕನ್ನಡ ನಿಂತಿತು. ಮಮ್ಮು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು, ಮತ್ತೆ ಹಾಕಿಕೊಂಡರು. ನೇರ ಅರಬಿಯಲ್ಲಿ ಮುಂದುವರಿದರು. ನಾನು ಒಂದೊಂದು ಪದಕ್ಕೂ ಕಿವಿಗೊಟ್ಟೆ. "ತಾರೀಖ್" ಬರಲಿಲ್ಲ. ಆರು ಎಂಬ "ಸಿತ್ತ" ಬರಲಿಲ್ಲ. ಮದ್ರಸಾ ಬಂತು, ಬಿಂತ್ ಬಂತು, ಕುರ್ಸಿ ಬಂತು. ಶಾಲೆ, ಹುಡುಗಿಯರು, ಕುರ್ಚಿ. ನಾನು ಬರೆಯದ ಒಂದು ಪುಟವನ್ನು ಆ ಮನುಷ್ಯ ಅಲ್ಲೇ ಕೂತು ಕಟ್ಟುತ್ತಿದ್ದರು. ಸುಹೈರ್ ನನ್ನ ಭುಜಕ್ಕೆ ತಲೆ ಒರಗಿಸಿ ಕೇಳುತ್ತಿದ್ದಳು.

ನಂತರ ಮತ್ತೆ ಕನ್ನಡ ಶುರುವಾಯಿತು. "ಅಕ್ಷರ ಅಷ್ಟಕ್ಕಷ್ಟೇ ಆದ, ಗಾಜು ಕತ್ತರಿಸುವ ಈ ಮನುಷ್ಯನ ಬಾಯಿಗೆ ಹೋದ ನನ್ನ ಪ್ರಶ್ನೆ..." ಒಂದು ಪದ ಬಿಡದೆ ಓದಿದರು. ಅರಬಿಯಲ್ಲೂ ಒಂದು ಪದ ಬಿಡಲಿಲ್ಲವೆಂದು ರವೂಫನ ನಗು ಕೇಳಿದರೇ ತಿಳಿಯುತ್ತಿತ್ತು. ಮಮ್ಮು ಎಲ್ಲರಿಗಿಂತ ಜೋರಾಗಿ ನಕ್ಕರು.

ಸುಹೈರ್ ನನ್ನ ಎರಡೂ ಕೆನ್ನೆಗೆ ಮುತ್ತಿಟ್ಟಳು. ಜೊತೆಗೆ ತಂದಿದ್ದ ಒಂಟಿ ಕುರ್ಚಿಯ ಚಿತ್ರವನ್ನು ಎತ್ತಿ ನನ್ನ ಕೈಗಿಟ್ಟಳು. ಉಡುಗೊರೆ. ತೆಗೆದುಕೊಂಡೆ.

ಅವರಿಬ್ಬರೂ ಹೋದ ಮೇಲೆ ಮಮ್ಮು ಚಿತ್ರಕ್ಕೆ ಕಾಗದ ಸುತ್ತುತ್ತ ಅಂದರು, "ಮೂರನೇ ಪುಟ ಹೇಳ್ಲಿಲ್ಲ ಅಕ್ಕ. ಕಮಿಟಿಗೆ ಗೊತ್ತಾದ್ರೆ ಮತ್ತೆ ಅವರ ಚಿತ್ರ ಇಡುದಿಲ್ಲ. ರವೂಫ್ ಬೇರೆ ಕೂತಿದ್ದ, ಅವನ ಬಾಯಿ ನಿಲ್ಲುದಿಲ್ಲ."

"ನೀವು ಕನ್ನಡ ಓದ್ತೀರಿ ಅಂತ ನನಗೆ..."

"ಏಳನೇ ಕ್ಲಾಸ್ ತನಕ ಕನ್ನಡ ಮೀಡಿಯಂ. ಸಂಘದ ಕಪಾಟಿನಲ್ಲಿ ನಿಮ್ಮ ಪುಸ್ತಕ ಉಂಟಲ್ಲ, ಎರಡು ಸಲ ಓದಿದ್ದೇನೆ." ಟೇಪು ಹಲ್ಲಿನಲ್ಲಿ ಕಚ್ಚಿ ಹರಿದರು. "ಹೋದ ವರ್ಷದ ಸಂಚಿಕೆಯಲ್ಲಿ ಬಂದದ್ದು ಅದರದ್ದೇ ನಾಲ್ಕನೇ ಕಥೆ ಅಲ್ವಾ? ಹೆಸರು ಬೇರೆ ಇತ್ತು. ಚಂದ ಕಥೆ."

ಕುಟುಕುವ ಮಾತಾಗಿದ್ದರೆ ತಿರುಗಿ ಏನಾದರೂ ಅನ್ನುತ್ತಿದ್ದೆ. ಆ ಮನುಷ್ಯ ನಿಜವಾಗಿಯೂ ಕಥೆ ಚೆನ್ನಾಗಿದೆ ಅಂತ ಹೇಳಿದ್ದು.

೨೫ ಅಕ್ಟೋಬರ್

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನನ್ನು ಯಾರೂ ಕಳ್ಳಿ ಅನ್ನಲೂ ಇಲ್ಲ, ಎರಡು ದಿನದಿಂದ ಹೆಗಲು ಮುಟ್ಟಿಕೊಳ್ಳುತ್ತಿದ್ದೇನೆ. ಚಿತ್ರವನ್ನು ಹಾಲ್‌ನಲ್ಲಿ ಇವರೇ ಮೊಳೆ ಹೊಡೆದು ತೂಗುಹಾಕಿದರು. ಎಲ್ಲಿ ಕೂತರೂ ಮೂಲೆಯ ಆ ೨೦೦೯ ಕಾಣುತ್ತದೆ. ಇವರಿಗೆ ಎಲ್ಲ ಹೇಳಿದೆ. ಚಿತ್ರದ ಕಡೆ ನೋಡಿ, "ಹೋಗಿ ಹೇಳಿಬಿಡು. ಇಲ್ಲಂದ್ರ ಈ ಮೊಳಿ ನಿನ್ನ ತಲಿಗೇ ಬಡದಂಗ ಇರ್ತದ" ಅಂದರು.

೩೦ ಅಕ್ಟೋಬರ್, ಶುಕ್ರವಾರ

ಚಿತ್ರ ಇಳಿಸಿ, ಮಮ್ಮುವಿನ ವ್ಯಾನಿನಲ್ಲಿ ಹಾಕಿಕೊಂಡು ಮಹಬೂಲಾಕ್ಕೆ ಹೋದೆವು. ದಾರಿಯುದ್ದಕ್ಕೂ ಹೇಳಿಕೊಟ್ಟೆ: ಇದನ್ನು ಒಂದಕ್ಷರ ಬಿಡದೆ ಹೇಳಬೇಕು ಮಮ್ಮು ಭಾಯಿ, ಮೆತ್ತಗೆ ಮಾಡಬಾರದು. ಕಟ್ಟಡದ ಕೆಳಗೆ ವ್ಯಾನ್ ನಿಲ್ಲಿಸಿ ಅವರು ಇಳಿಯಲೇ ಇಲ್ಲ.

"ನಾನು ಬರುದಿಲ್ಲ ಅಕ್ಕ. ನಾನು ಬಂದ್ರೆ ನನ್ನ ನಾಲಿಗೆ ಮತ್ತೆ ಮೆತ್ತಗೆ ಮಾಡ್ತದೆ. ಇದು ನೀವೇ ಹೇಳ್ಬೇಕು."

"ನನಗೆ ಅರಬಿ ಎಲ್ಲಿ ಬರುತ್ತದೆ?"

"ನಿಮ್ಮ ರಾಯಚೂರು ಕನ್ನಡದಲ್ಲೇ ಎಷ್ಟು ಅರಬಿ ಉಂಟು ಮಾರಾಯ್ರೆ. ಹೋಗಿ."

ಹೋದೆ. ಸುಹೈರ್ ಚಹಾಕ್ಕೆ ನೀರಿಟ್ಟು ಬಂದು ಕೂತಳು. ನಾನು ಚಿತ್ರದ ಮೂಲೆಗೆ ಬೆರಳಿಟ್ಟು "ತಾರೀಖ್" ಅಂದೆ. ವಿಶೇಷಾಂಕ ತೆರೆದು ಮೂರನೇ ಪುಟಕ್ಕೆ ಬೆರಳಿಟ್ಟು "ತಾರೀಖ್" ಅಂದೆ. ಪೆನ್ನು ಹಿಡಿದ ಹಾಗೆ ಕೈ ಮಾಡಿ "ಅನಾ" ಅಂದೆ, ನಾನು. "ಮಮ್ಮು, ನೋ ರೀಡ್." ಎದೆ ಮುಟ್ಟಿಕೊಂಡು "ಗಲತ್" ಅಂದೆ, ತಪ್ಪು. ಗಲತ್ ಆಯಿತು ಅಂತ ನಮ್ಮೂರಲ್ಲಿ ಗಾಡಿ ಹೊಡೆಯುವವರೂ ಅನ್ನುತ್ತಾರೆ. ಆಕೆಗೆ ಅರ್ಥವಾಯಿತು. ಮುಖದಿಂದ ನಗು ಹೋಯಿತು.

"ಲೇಹ್?" ಅಂದಳು. ಯಾಕೆ?

 ಚೀಲದಿಂದ ನನ್ನ ಹಳೇ ಪುಸ್ತಕ, ಹೋದ ವರ್ಷದ ಸಂಚಿಕೆ ತೆಗೆದು ಎರಡನ್ನೂ ಅಕ್ಕಪಕ್ಕ ಇಟ್ಟೆ. ಕನ್ನಡ ಬಾರದಿದ್ದರೂ ಚಿತ್ರ ಬರೆಯುವವಳ ಕಣ್ಣು. ಒಂದೊಂದೇ ಸಾಲಿಗೆ ಬೆರಳಿಟ್ಟು, ಅಕ್ಷರದ ಆಕಾರಕ್ಕೆ ಆಕಾರ ಹೋಲಿಸುತ್ತ ಅರ್ಧ ಪುಟ ಇಳಿದಳು. ಆಮೇಲೆ ಪುಸ್ತಕದ ವರ್ಷ ನೋಡಿದಳು, ಸಂಚಿಕೆಯ ವರ್ಷ ನೋಡಿದಳು.

"ಅನಾ ಕಮಾನ್" ಅಂದೆ. ನಾನೂ ಕೂಡ.

ಬರೆದು ಕಳಿಸಿದ ಜುಲೈಯಲ್ಲಿ ಇದು ನನಗೆ ಹೊಳೆಯಲಿಲ್ಲ ಅಂದರೆ ಯಾರು ನಂಬುತ್ತಾರೆ? ಆದರೆ ಹೊಳೆಯಲಿಲ್ಲ. ಅಳು ಬಂತು. ಆಕೆ ಸಮಾಧಾನ ಮಾಡಲಿಲ್ಲ. ಅಡುಗೆಮನೆಯಲ್ಲಿ ನೀರು ಕುದಿಯುವ ಸದ್ದು ಕೇಳುತ್ತಿತ್ತು, ಆಕೆ ಎದ್ದು ಹೋಗಿ ಒಲೆ ಆರಿಸಿದಳು. ಬರುವಾಗ ಕೈಯಲ್ಲಿ ಚಹಾ ಇರಲಿಲ್ಲ, ಒಂದು ಸಣ್ಣ ಚಾಕು ಇತ್ತು.

ಚಿತ್ರವನ್ನು ತೊಡೆಯ ಮೇಲಿಟ್ಟುಕೊಂಡು ಮೂಲೆ ಕೆರೆಯತೊಡಗಿದಳು. ಒಣಗಿದ ಬಣ್ಣ, ಸುಲಭಕ್ಕೆ ಬರಲಿಲ್ಲ. ಒಂಬತ್ತರ ಕೆಳಗೆ ಎಂಟು ಕಂಡಿತು, ಎಂಟರ ಕೆಳಗೆ ಏಳರದೊಂದು ಕಾಲು. ಪುಡಿ ಆಕೆಯ ಕಪ್ಪು ಲಂಗದ ಮೇಲೆ ಉದುರುತ್ತಿತ್ತು. ಅರ್ಧ ಗಂಟೆ ಹಿಡಿಯಿತೇನೋ. ಕೊನೆಗೆ ಮೂರು ಬಂತು, ೨೦೦೩. ಉಫ್ ಎಂದು ಊದಿ, ಚಿತ್ರವನ್ನು ನನ್ನ ಕೈಗೆ ಕೊಟ್ಟಳು.

"ಟೇಕ್. ನೌ ಟ್ರೂ" ಅಂದಳು. ಬಾಗಿಲವರೆಗೆ ಬಂದಳು, ನಗಲಿಲ್ಲ. ಬಾಗಿಲು ಹಾಕಿಕೊಂಡಳು.

ಮಮ್ಮು ವ್ಯಾನಿನಲ್ಲಿ ಕಾಯುತ್ತಿದ್ದರು. ನಾನು ಕೂತ ಮೇಲೂ ಗಾಡಿ ಶುರು ಮಾಡಲಿಲ್ಲ. "ಎಂತ ಹೇಳಿದ್ರು ಅಕ್ಕ?" ಅಂತ ಕೇಳಿದರು.

ಇಷ್ಟು ದಿನ ನಾನು ಅವರನ್ನು ಕೇಳುತ್ತಿದ್ದ ಪ್ರಶ್ನೆ. ಒಂದೂ ಬಿಡದೆ, ಚಹಾ ಕೊಡದೇ ಹೋದದ್ದನ್ನೂ ಸೇರಿಸಿ ಹೇಳಿದೆ.

೫ ನವೆಂಬರ್, ಗುರುವಾರ

ನಾಳೆ ಅಬ್ಬಾಸಿಯಾದಲ್ಲಿ ರಾಜ್ಯೋತ್ಸವ. ಅಚ್ಚಾಗಿ ಬಂದ ಮುನ್ನೂರು ಸಂಚಿಕೆ ನಮ್ಮ ಹಾಲ್‌ನಲ್ಲಿ ಬಿದ್ದಿವೆ, ನಾನೇ ತರಿಸಿಕೊಂಡೆ. ಸಿದ್ದಲಿಂಗೇಶ ಬಂದವರು ತಲೆ ಚಚ್ಚಿಕೊಂಡರು. "ಯಾರು ನೋಡ್ತಾರ್ರೀ ಮೇಡಂ ಇದನ್ನ? ಸುಮ್ನೆ ಹಂಚಿದ್ರ ಮುಗೀತು!" ಯಾರೂ ನೋಡುವುದಿಲ್ಲ ಅಂತ ನಾನೂ ಎಂಟು ವರ್ಷ ಅಂದುಕೊಂಡಿದ್ದೆ, ಒಬ್ಬರು ನೋಡುತ್ತಾರೆ ಅಂದೆ.

ಒಂದೊಂದೇ ಪ್ರತಿ ತೆರೆದು "ಸಿಹಿನೀರಿನ ಕನಸು" ಹೊಡೆದುಹಾಕಿ "ಉಪ್ಪಿನ ಬಾವಿ" ಅಂತ ಬರೆದು, ಕೆಳಗೆ ೧೯೯೮ ಹಾಕುತ್ತಿದ್ದೇನೆ. ಬೆಳಿಗ್ಗೆಯಿಂದ ಇದೇ. ಇವರು ಅಡುಗೆ ಮಾಡಿದರು, ಅದೂ ಉಪ್ಪೇ. ಬೆರಳು ಬಾತುಕೊಂಡಿದೆ, ಕುತ್ತಿಗೆ ಹಿಡಿದಿದೆ, ಇನ್ನೂ ಎಂಬತ್ತು ಪ್ರತಿ ಬಾಕಿ. ಈ ಡೈರಿಯಲ್ಲೂ ಜಾಗ ಮುಗಿಯುತ್ತ ಬಂತು. ಮುಂದಿನದು ತಾರೀಖು ಅಚ್ಚಾಗದ ಪುಸ್ತಕ ತರಬೇಕು, ಹೊಡೆದು ಹೊಡೆದು ಬರೆಯುವುದು ಸಾಕಾಗಿದೆ.

ಸುಹೈರ್ ಫೋನ್ ಎತ್ತುತ್ತಿಲ್ಲ. ಆಕೆಗಾಗಿ ಒಂದು ಪ್ರತಿ ಬೇರೆ ಇಟ್ಟೆ. ಅದರಲ್ಲಿ ಮಾತ್ರ ವರ್ಷವನ್ನು ಅರಬಿ ಅಂಕಿಯಲ್ಲಿ ಬರೆದೆ. ಶಾಲೆಯಲ್ಲಿ ಅರಬಿ ಕಲಿಯುವ ಸೀಮಾ ನೋಡಿ, "ಮಮ್ಮಿ, ದಿಸ್ ಈಸ್ ಸೆವೆನ್. ಎಯ್ಟ್ ಈಸ್ ಅಪ್‌ಸೈಡ್ ಡೌನ್" ಅಂದಳು. ಏಳನ್ನು ತಲೆಕೆಳಗು ಮಾಡಿದರೆ ಅರಬಿಯ ಎಂಟು. ತಿದ್ದಿದೆ.

ಮಮ್ಮು ಆ ಕಡೆ ಹೋಗುವುದುಂಟು ಕೊಡಿ ಅಂದರು. ಬೇಡ ಅಂದೆ. ಶನಿವಾರ ನಾನೇ ಹೋಗಿ ಬಾಗಿಲು ತಟ್ಟುತ್ತೇನೆ. ಚಹಾ ಕೊಟ್ಟರೆ ಕುಡಿಯುತ್ತೇನೆ, ಕೊಡದಿದ್ದರೆ ಸಂಚಿಕೆ ಕೊಟ್ಟು ಬರುತ್ತೇನೆ.